ಅಪ್ಪನ ಸಿಮ್ ಸಿಡ್ನಿಗೆ ಹೋಗಬೇಕಾ, ಮೈಸೂರಲ್ಲೇ ಇರಬೇಕಾ?

ಮೈಸೂರ್‌ಪಾಕ್
ಅಕ್ಕನ ಬಾಣಂತನಕ್ಕೆ ಅಪ್ಪ ಅಮ್ಮ ಮುಂದಿನ ತಿಂಗಳು ಸಿಡ್ನಿಗೆ ಹೊರಟಿದ್ದಾರೆ. ಬೆಂಗಳೂರಿಂದ ಸಿಂಗಪುರ, ಅಲ್ಲಿಂದ ಸಿಡ್ನಿ. ಆರು ತಿಂಗಳ ಹತ್ತಿರ ಅಲ್ಲೇ ಇರುತ್ತಾರೆ. ವೀಸಾ, ಇನ್ಶೂರೆನ್ಸ್, ಸಾರಿನ ಪುಡಿ, ಬಾಣಂತಿ ಲೇಹ್ಯ ಎಲ್ಲ ರೆಡಿ. ಉಳಿದಿರುವುದು ಫೋನ್ ವಿಷಯ ಒಂದೇ. ಅದಕ್ಕೇ ಮನೆಯಲ್ಲಿ ದಿನಾ ಪಂಚಾಯಿತಿ.

ಅಪ್ಪನದು ಆ್ಯಂಡ್ರಾಯ್ಡ್ ಫೋನ್, ಪ್ರೀಪೇಯ್ಡ್ ಸಿಮ್. ಪಿಂಚಣಿ ಖಾತೆ, ಎಫ್‌ಡಿ, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲಕ್ಕೂ ಅದೇ ನಂಬರ್. ರೋಮಿಂಗ್ ಹಾಕಿಸಿಕೊಂಡು ಸಿಮ್ ಜೊತೆಗೇ ಒಯ್ಯಲಿ ಅಂತ ನಾನು. "ಯಾಕೆ ಸುಮ್ನೆ ದುಡ್ಡು ದಂಡ? ಸಿಮ್ ತೆಗೆದು ಮಗನ ಫೋನಿಗೆ ಹಾಕಿ ಹೋಗಿ, ಓಟಿಪಿ ಬಂದರೆ ಅವನು ವಾಟ್ಸಾಪ್ ಮಾಡುತ್ತಾನೆ" ಅಂತ ಚಿಕ್ಕಪ್ಪ. ಅಪ್ಪನಿಗೆ ಚಿಕ್ಕಪ್ಪನ ಮಾತೇ ಸರಿ ಅನಿಸಿದೆ. ಅಮ್ಮನದು ಹಳೇ ಕೀಪ್ಯಾಡ್ ಫೋನ್. ಅದನ್ನು ಬಿಟ್ಟು ಎಲ್ಲಿಗೂ ಬರಲ್ಲ ಅಂತಾರೆ.

ಹೋಗಿ ಬಂದವರು, ಅಲ್ಲೇ ಇರುವವರು ಹೇಳಿ. ಯಾವುದು ಸರಿ?

ಗಡಿಬಿಡಿ_ಗುಂಡ
ಚಿಕ್ಕಪ್ಪನನ್ನೇ ಸಿಡ್ನಿಗೆ ಕಳಿಸಿ. ಸಮಸ್ಯೆ ಮುಗಿಯಿತು.

ಸಿಡ್ನಿ_ಸೊಸೆ
ನಾನು ಪ್ಯಾರಾಮಟ್ಟಾ ಹತ್ತಿರ ಇರುವವಳು. ಮೊದಲು ಅಮ್ಮನ ಫೋನಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಅದು 2ಜಿ ಫೋನ್ ಆಗಿದ್ದರೆ ಇಲ್ಲಿ ಕೆಲಸ ಮಾಡಲ್ಲ. ಆಸ್ಟ್ರೇಲಿಯಾದಲ್ಲಿ 2ಜಿ 2018ಕ್ಕೇ ಪೂರ್ತಿ ನಿಂತಿತು. 3ಜಿ ಕೂಡ 2024ರಲ್ಲಿ ಮುಚ್ಚಿದರು. ಸಿಂಗಪುರದಲ್ಲಿ 2ಜಿ ಹೋಗಿದ್ದು 2017ರಲ್ಲಿ. ಹಾಗಾಗಿ ಅಲ್ಲಿನ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗಲೂ ಆ ಫೋನಿಗೆ ಸಿಗ್ನಲ್ ಸಿಗಲ್ಲ. ಬೇಕಿದ್ದರೆ ಅಲಾರಂ ಇಟ್ಟುಕೊಳ್ಳಲು ತರಲಿ.

ಇನ್ನೊಂದು. 3ಜಿ ಮುಚ್ಚಿದ ಮೇಲೆ ಇಲ್ಲಿ ಹೊಸ ನಿಯಮ ಬಂದಿದೆ. ಇಲ್ಲಿನ ತುರ್ತು ನಂಬರ್ 000. ಅದಕ್ಕೆ 4ಜಿ ಮೂಲಕ ಕರೆ ಮಾಡಲು ಆಗದ ಫೋನಿಗೆ ಇಲ್ಲಿನ ಕಂಪನಿಗಳು ಸೇವೆಯನ್ನೇ ಕೊಡುವಂತಿಲ್ಲ. ಊರಲ್ಲಿ ಕೊಂಡ 4ಜಿ ಫೋನ್‌ಗಳೂ ಕೆಲವು ಇದರಲ್ಲಿ ಸಿಕ್ಕಿಬಿದ್ದಿವೆ. ನೆಟ್ ಚೆನ್ನಾಗಿ ಓಡುತ್ತದೆ, ಕರೆ ಮಾತ್ರ ಹೋಗಲ್ಲ, ಅಂಥವೇ ಇವು. ಅಪ್ಪನ ಫೋನಲ್ಲಿ *#06# ಒತ್ತಿ. ಫೋನಿನ ಗುರುತಿನ ಸಂಖ್ಯೆ ಐಎಂಇಐ ಬರುತ್ತದೆ. ಅದನ್ನು ಅಕ್ಕನಿಗೆ ಕಳಿಸಿ. ಇಲ್ಲಿನ ಕಂಪನಿಯಲ್ಲಿ ಆ ಫೋನ್ ನಡೆಯುತ್ತದಾ ಅಂತ ಅವರು ಮೊದಲೇ ವಿಚಾರಿಸಲಿ.

ಮೈಸೂರ್‌ಪಾಕ್
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಅಮ್ಮನಿಗೆ ಹೇಗೆ ಹೇಳುವುದು ಈಗ?

ಸುಮ್ನೆ_ಓದುವವಳು
ಮೊಮ್ಮಗುವನ್ನು ವಿಡಿಯೋ ಕಾಲಲ್ಲಿ ನೋಡಬಹುದು ಅಂತ ಆಸೆ ತೋರಿಸಿ ಸ್ಮಾರ್ಟ್‌ಫೋನ್ ಕೊಡಿ. ನಮ್ಮ ಅತ್ತೆ ಹಾಗೇ ಕಲಿತರು.

ಗಡಿಬಿಡಿ_ಗುಂಡ
ಮೊಮ್ಮಗು ಅಲ್ಲೇ ತೊಡೆ ಮೇಲೇ ಇರುತ್ತಲ್ಲಮ್ಮಾ!

ಸುಮ್ನೆ_ಓದುವವಳು
ಓ ಹೌದು. ಹಾಗಾದರೆ ಮೈಸೂರಿನ ಮಗನನ್ನು ನೋಡಲಿ.

ನಿವೃತ್ತ_ಬ್ಯಾಂಕಿಗ
ಚಿಕ್ಕಪ್ಪನವರ ಸಲಹೆಗೆ ನನ್ನ ಪೂರ್ತಿ ವಿರೋಧವಿದೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಅಂತ ಕೌಂಟರಿನಲ್ಲಿ ಕೂತು ವರ್ಷಗಟ್ಟಲೆ ಹೇಳಿದವನು ನಾನು. "ನನ್ನ ಮಗನೇ ಅಲ್ವಾ" ಅಂತ ಎಲ್ಲರೂ ಅನ್ನುತ್ತಾರೆ. ಮಗನ ಮೇಲೆ ಅನುಮಾನ ಇಲ್ಲ. ನಾಳೆ ಏನಾದರೂ ಮೋಸ ನಡೆದರೆ ಬ್ಯಾಂಕ್ ಕೇಳುವ ಮೊದಲ ಪ್ರಶ್ನೆ, ಓಟಿಪಿ ಯಾರ ಕೈಯಲ್ಲಿತ್ತು ಅಂತ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದೆ. ಗ್ರಾಹಕ ತಾನೇ ಗುಟ್ಟಿನ ವಿವರ ಬೇರೆಯವರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಗ್ರಾಹಕನದೇ. ಬೇರೆಯವರ ತಪ್ಪಿನಿಂದ ಹೋಗಿದ್ದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಪೂರ್ತಿ ರಕ್ಷಣೆ ಇದೆ. ಎರಡಕ್ಕೂ ಬಹಳ ವ್ಯತ್ಯಾಸ.

ಸಿಮ್ ಖಾತೆದಾರನ ಜೊತೆಗೇ ಇರಲಿ.

ಧಾರವಾಡದಾಂವ
ಸರ, ನಿಮ್ಮ ಮಾತು ಪುಸ್ತಕದಾಗ ಛಲೋ ಐತ್ರಿ. ಖರೇ ಹೇಳ್ರಿ, ಎಷ್ಟು ಮನಿಯೊಳಗ ಅಪ್ಪನ ಓಟಿಪಿ ಮಗಾ ನೋಡಂಗಿಲ್ಲ? ನಮ್ಮ ಮಾವನವರು ಅಮೆರಿಕಾಕ್ಕೆ ಹೋದಾಗ ಸಿಮ್ ನನ್ನ ಹತ್ತಿರವೇ ಇತ್ತು. ಕರೆಂಟ್ ಬಿಲ್, ಎಲ್ಐಸಿ, ಮನೆ ತೆರಿಗೆ ಎಲ್ಲ ನಾನೇ ಕಟ್ಟಿದೆ. ಒಂದು ರೂಪಾಯಿ ತೊಂದರೆ ಆಗಲಿಲ್ಲ.

ನಿವೃತ್ತ_ಬ್ಯಾಂಕಿಗ
@ಧಾರವಾಡದಾಂವ ತೊಂದರೆ ಆಗದವರು ಯಾರೂ ಬ್ಯಾಂಕಿಗೆ ಬಂದು ಹೇಳುವುದಿಲ್ಲ ಸ್ವಾಮಿ. ಆದವರನ್ನೇ ನಾನು ನೋಡಿದ್ದು.

ಟವರ್_ಕೆಳಗೆ
ಟೆಲಿಕಾಂನಲ್ಲಿ ಕೆಲಸ ಮಾಡಿದವನು. ಇಬ್ಬರೂ ಬ್ಯಾಂಕಿನ ಕಡೆಯಿಂದಲೇ ನೋಡುತ್ತಿದ್ದೀರಿ. ಫೋನಿನ ಕಡೆಯಿಂದ ನೋಡಿದರೆ ಚಿಕ್ಕಪ್ಪನ ಉಪಾಯಕ್ಕೆ ಬೇರೆ ತೊಡಕುಗಳಿವೆ.

ಯುಪಿಐ ಆ್ಯಪ್ ಮೊದಲು ಶುರು ಮಾಡುವಾಗ ಫೋನಿಂದಲೇ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆ, ಗಮನಿಸಿದ್ದೀರಾ? ಆ ನಂಬರಿನ ಸಿಮ್ ಇದೇ ಫೋನಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳುವ ವಿಧಾನ ಅದು. ಸಿಮ್ ಮೈಸೂರಲ್ಲಿ, ಫೋನ್ ಸಿಡ್ನಿಯಲ್ಲಿ ಅಂದರೆ ಅಪ್ಪನ ಬ್ಯಾಂಕ್ ಆ್ಯಪ್‌ಗಳು ಯಾವಾಗ ಬೇಕಾದರೂ ಮುನಿಸಿಕೊಳ್ಳಬಹುದು. ಓಟಿಪಿ ಕಳಿಸಿಕೊಟ್ಟರೂ ಆಗ ಉಪಯೋಗ ಇಲ್ಲ. ಎಸ್ಸೆಮ್ಮೆಸ್ ಹೊರಡಬೇಕಾದ್ದೇ ಆ ಫೋನಿಂದ.

ವಾಟ್ಸಾಪ್ ವಿಷಯವೂ ಇದೆ. ಇಷ್ಟು ದಿನ ಸಿಮ್ ಇಲ್ಲದಿದ್ದರೂ ವಾಟ್ಸಾಪ್ ನಡೆಯುತ್ತಿತ್ತು. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆ ಮೆಸೇಜಿಂಗ್ ಆ್ಯಪ್‌ಗಳಿಗೆ ಒಂದು ಸೂಚನೆ ಕೊಟ್ಟಿದೆ. ಯಾವ ನಂಬರಿನಿಂದ ಖಾತೆ ತೆರೆದಿದ್ದಾರೋ ಆ ಸಿಮ್ ಫೋನಿನಲ್ಲೇ ಇರಬೇಕು, ಇಲ್ಲದಿದ್ದರೆ ಆ್ಯಪ್ ನಡೆಯಬಾರದು ಅಂತ. ಸಿಮ್ ಬೈಂಡಿಂಗ್ ಅನ್ನುವುದು ಇದಕ್ಕೇ. ಸಿಮ್ ರೋಮಿಂಗಲ್ಲಿದ್ದು ಫೋನಿನೊಳಗೇ ಇದ್ದರೆ ಯೋಚನೆ ಇಲ್ಲ. ಬಿಚ್ಚಿ ಮಗನಿಗೆ ಕೊಟ್ಟು ಹೋಗುವವರಿಗೆ ಇದು ನೇರವಾಗಿ ತಟ್ಟುವ ವಿಷಯ.

ನನ್ನ ಮಾತು ಇಷ್ಟೇ. ವಿದೇಶಕ್ಕೆ ಹೋದಾಗ ಊರಿನ ನಂಬರ್ ಇರುವುದು ಮಾತಾಡಲಿಕ್ಕಲ್ಲ. ಮಾತಿಗೆ ವೈಫೈ ಇದೆ, ಅಲ್ಲಿನ ಸಿಮ್ ಇದೆ. ಊರಿನ ನಂಬರ್ ಜೀವಂತ ಇರಬೇಕು, ಎಸ್ಸೆಮ್ಮೆಸ್ ಬರಬೇಕು, ಅಷ್ಟು ಸಾಕು. ಅಷ್ಟಕ್ಕೆ ಮಾತ್ರ ದುಡ್ಡು ಹಾಕಿ. ದಿನದ ಲೆಕ್ಕದ ದೊಡ್ಡ ಡೇಟಾ ಪ್ಯಾಕ್ ಆರು ತಿಂಗಳಿಗೆ ಹಾಕಿಸುವುದು ಹುಚ್ಚು.

ಮೈಸೂರ್‌ಪಾಕ್
@ಟವರ್_ಕೆಳಗೆ ಸಾರ್, ಎಸ್ಸೆಮ್ಮೆಸ್ ಬಂದರೆ ದುಡ್ಡು ಕಡಿಯಲ್ವಾ?

ಟವರ್_ಕೆಳಗೆ
ಇಲ್ಲ. ನಮ್ಮ ದೊಡ್ಡ ಕಂಪನಿಗಳಲ್ಲಿ ರೋಮಿಂಗಲ್ಲಿ ಬರುವ ಎಸ್ಸೆಮ್ಮೆಸ್ ಉಚಿತ. ಕಳಿಸಿದರೆ ದುಡ್ಡು. ಕರೆ ಬಂದರೂ ದುಡ್ಡು, ಮಾಡಿದರೂ ದುಡ್ಡು. ಊರಿಂದ ಕರೆ ಮಾಡಿದವರಿಗೆ ಲೋಕಲ್ ಲೆಕ್ಕವೇ. ಸಮುದ್ರ ದಾಟಿ ಬಂದ ಭಾಗದ ಖರ್ಚು ಎತ್ತಿದವರ ತಲೆ ಮೇಲೆ.

ಮರೆಯುವ ಸಂಗತಿ ಒಂದಿದೆ. ರೋಮಿಂಗ್ ಸೇವೆಯನ್ನು ಊರಲ್ಲಿದ್ದಾಗಲೇ ಆನ್ ಮಾಡಿಸಿ. ಅಲ್ಲಿ ಇಳಿದ ಮೇಲೆ ಸಿಗ್ನಲ್ಲೇ ಇಲ್ಲದಿದ್ದರೆ ಆನ್ ಮಾಡಲು ಬೇಕಾದ ಓಟಿಪಿ ಬರುವುದಾದರೂ ಎಲ್ಲಿಂದ? ಮೂಲ ಪ್ಯಾಕೂ ಮುಗಿಯದಂತೆ ನೋಡಿಕೊಳ್ಳಿ. ರೋಮಿಂಗ್ ಪ್ಯಾಕ್ ಇದೆ ಅಂತ ಮಾಮೂಲಿ ರೀಚಾರ್ಜ್ ಮರೆತವರು ಬಹಳ ಜನ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್, ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳಿತು. ಅಂಥ ಪ್ಯಾಕಿಗೆ 365 ದಿನದವರೆಗೆ ಅವಧಿ ಇಡಬಹುದು. ಉದ್ದ ಅವಧಿಯದೊಂದನ್ನು ಹಾಕಿಸಿಬಿಡಿ.

ಮಲೆನಾಡು_ಮಳೆ
ಸಾರ್, ನಾವು ಕರೆನ್ಸಿ ಹಾಕಿಸದೆ ಮೂರು ತಿಂಗಳು ಬಿಟ್ಟರೆ ನಂಬರ್ ಬೇರೆಯವರಿಗೆ ಹೋಗುತ್ತೆ ಅಂತಾರಲ್ಲ. ನಿಜವಾ?

ಟವರ್_ಕೆಳಗೆ
90 ದಿನ ಕರೆ, ಮೆಸೇಜು, ಡೇಟಾ ಯಾವ ಬಳಕೆಯೂ ಇಲ್ಲದಿದ್ದರೆ ನಂಬರ್ ಕಡಿಯಬಹುದು. ಪ್ರೀಪೇಯ್ಡ್ ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ಉಳಿಸಬೇಕು ಅಂತಲೂ ನಿಯಮ ಇದೆ. ಕಡಿದ ನಂಬರ್ ಮುಂದೆ ಇನ್ನೊಬ್ಬರಿಗೆ ಹೋಗುತ್ತದೆ, ಅದು ನಿಜ.

ಸುಮ್ನೆ_ಓದುವವಳು
ಹಾಗೆ ಬಂದ ನಂಬರ್ ನನ್ನದು. ಮೊದಲಿನವರ ಸೊಸೈಟಿ ಸಾಲದ ಮೆಸೇಜ್ ಈಗಲೂ ನನಗೇ ಬರುತ್ತದೆ.

ಕುಡ್ಲ_ಟು_ದುಬೈ
ಆರು ತಿಂಗಳಿಗೆ ರೋಮಿಂಗ್ ಡೇಟಾ ಬೇಡ ಅಂತ ನಾನೂ ಹೇಳುತ್ತೇನೆ. ಆದರೆ ನಾಲ್ಕು ದಿನಕ್ಕೆ ಬರುವವರಿಗೆ ರೋಮಿಂಗೇ ವಾಸಿ ಮಾರಾಯ್ರೇ. ದುಬೈಯಲ್ಲಿ ದುಬೈಯದೇ ಸಿಮ್ ಹಾಕಿದರೆ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಬೋಟಿಮ್‌ನಂಥ ಅನುಮತಿ ಇರುವ ಆ್ಯಪ್ ಹಾಕಿಕೊಳ್ಳಬೇಕು. ಊರಿಂದ ಬಂದ ನಮ್ಮ ಮಾವ ರೋಮಿಂಗ್ ಡೇಟಾದಲ್ಲಿ ಆರಾಮಾಗಿ ವಾಟ್ಸಾಪ್ ಕಾಲ್ ಮಾಡುತ್ತಾ ಕೂತಿದ್ದರು! ಇಲ್ಲೇ ಇಷ್ಟು ವರ್ಷ ಇದ್ದ ನನಗೆ ಆಗದ್ದು ಅವರಿಗೆ ಹೇಗಾಯಿತು?

ಟವರ್_ಕೆಳಗೆ
ಒಳ್ಳೆ ಪ್ರಶ್ನೆ. ರೋಮಿಂಗಲ್ಲಿ ಸಾಮಾನ್ಯವಾಗಿ ಡೇಟಾ ಅಲ್ಲಿಂದ ನೇರ ಇಂಟರ್ನೆಟ್‌ಗೆ ಹೋಗಲ್ಲ. ದುಬೈ ಟವರ್ ಅದನ್ನು ನಿಮ್ಮ ಭಾರತದ ಕಂಪನಿಗೆ ತಲುಪಿಸುತ್ತದೆ. ಇಂಟರ್ನೆಟ್‌ಗೆ ಅದು ಹೊರಡುವುದು ಇಲ್ಲಿಂದ. ಹಾಗಾಗಿ ಮಾವ ದುಬೈಯಲ್ಲಿ ಕೂತಿದ್ದರೂ ಇಂಟರ್ನೆಟ್ ಕಣ್ಣಿಗೆ ಅವರು ಭಾರತದಲ್ಲೇ ಇದ್ದಾರೆ. ಅಲ್ಲಿನ ತಡೆ ಅವರಿಗೆ ತಾಗಲ್ಲ. ಮೈಸೂರಿಂದ ಮಂಡ್ಯಕ್ಕೆ ಹೋಗಲು ಬೆಂಗಳೂರು ಸುತ್ತಿ ಬಂದಂತೆ. ಅದಕ್ಕೇ ರೋಮಿಂಗ್ ನೆಟ್ ಸ್ವಲ್ಪ ತಡವರಿಸುತ್ತದೆ.

ಚಿಕ್ಕಪೇಟೆ_ಸಗಟು
ಈಗ ಅರ್ಥ ಆಯ್ತು ಸಾರ್! ನಾನು ಗುವಾಂಗ್‌ಝೌನ ಕ್ಯಾಂಟನ್ ಫೇರ್‌ಗೆ ಹೋಗುವವನು. ಚೀನಾದಲ್ಲಿ ಹೋಟೆಲ್ ವೈಫೈಗೆ ಹಾಕಿದರೆ ವಾಟ್ಸಾಪ್ ಇಲ್ಲ, ಗೂಗಲ್ ಇಲ್ಲ, ಜಿಮೇಲ್ ಇಲ್ಲ. ವೈಫೈ ಆಫ್ ಮಾಡಿ ನಮ್ಮ ಸಿಮ್ ರೋಮಿಂಗ್ ಆನ್ ಮಾಡಿದರೆ ಎಲ್ಲ ಬರುತ್ತದೆ. ಅಂಗಡಿಯಿಂದ ಹುಡುಗ ಫೋಟೋ ಕಳಿಸುತ್ತಾನೆ, ನಾನು ಅಲ್ಲೇ ಸ್ಯಾಂಪಲ್ ಹಿಡಿದು ರೇಟ್ ಕೇಳುತ್ತೇನೆ. ಚೀನಾಕ್ಕೆ ವ್ಯಾಪಾರಕ್ಕೆ ಹೋಗುವವರು ರೋಮಿಂಗ್ ಪ್ಯಾಕಿಗೆ ಜಿಪುಣತನ ಮಾಡಬೇಡಿ. ಅಲ್ಲಿನ ಸಿಮ್ ಅಗ್ಗ ಅಂತ ತಗೊಂಡು ಆಮೇಲೆ ತಡೆ ದಾಟಿಸುವ ವಿಪಿಎನ್ ಆ್ಯಪ್ ಹುಡುಕುತ್ತಾ ಕೂರುವ ಕರ್ಮ ಯಾಕೆ?

ಮಲೆನಾಡು_ಮಳೆ
ಮಾನಸ ಸರೋವರಕ್ಕೆ ಹೋಗುವವರಿಗೂ ಇದು ಅನ್ವಯ ಆಗುತ್ತೆ ಅಲ್ವಾ? ಅದೂ ಚೀನಾ ಕಡೆಗೇ ಸೇರಿದ್ದು.

ಚಿಕ್ಕಪೇಟೆ_ಸಗಟು
ಹೌದಕ್ಕ, ಟವರ್ ಸಿಕ್ಕಿದ ಕಡೆ.

ಧಾರವಾಡದಾಂವ
ವಿದೇಶದ ಮಾತು ಬಿಡಿ. ನಮ್ಮ ದೇಶದೊಳಗೇ ಕಾಶ್ಮೀರಕ್ಕೆ ಹೋದರೆ ನಮ್ಮ ಪ್ರೀಪೇಯ್ಡ್ ಸಿಮ್ ನಡೆಯಂಗಿಲ್ರಿ. ಪೋಸ್ಟ್‌ಪೇಯ್ಡ್ ಆದರ ನಡೀತದ. ಟ್ರಾವೆಲ್ಸ್‌ನವರು ಶ್ರೀನಗರ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದರು, ನಮ್ಮ ಗುಂಪಿನ ಯಾರಿಗೂ ಅವರ ಫೋನ್ ಬರಲಿಲ್ಲ. ಆ ಕಡೆ ಭೂತಾನ್ ನೋಡಿ. ಜೈಗಾಂವ್ ಗೇಟ್ ದಾಟಿ ಫುಂಟ್‌ಶೋಲಿಂಗ್‌ಗೆ ಹೋದರೂ ನಮ್ಮ ಟವರ್ ಸಿಗುತ್ತಿತ್ತು. ಪರದೇಶದಲ್ಲಿ ಸಿಗ್ನಲ್ ಐತಿ, ಸ್ವದೇಶದಲ್ಲಿ ಇಲ್ಲ!

ಟವರ್_ಕೆಳಗೆ
ಕಾಶ್ಮೀರದ್ದು ತಾಂತ್ರಿಕ ಕಾರಣ ಅಲ್ಲ, ಭದ್ರತೆಯ ನಿಯಮ. ಲಡಾಖ್‌ಗೂ ಅದೇ. ಅಮರನಾಥ ಯಾತ್ರಿಕರಿಗೆ ಅಲ್ಲೇ ಬೇರೆ ಸಿಮ್ ಮಾರುತ್ತಾರೆ.

ನಿರ್ವಾಹಕ
ಕಾಶ್ಮೀರಕ್ಕೆ ಬೇರೆ ಚರ್ಚೆ ತೆರೆಯೋಣ. ಸಿಡ್ನಿಗೆ ಬನ್ನಿ.

ಸಿಡ್ನಿ_ಸೊಸೆ
ಬಂದೆ. ನಮ್ಮ ಅತ್ತೆ ಮಾವ ಬಂದಾಗ ಮಾಡಿದ್ದು ಹೀಗೆ. ಫೋನಲ್ಲಿ ಎರಡು ಸಿಮ್ ಜಾಗ ಇತ್ತು. ಒಂದರಲ್ಲಿ ಊರಿನ ಸಿಮ್, ಡೇಟಾ ರೋಮಿಂಗ್ ಆಫ್. ಇನ್ನೊಂದರಲ್ಲಿ ಇಲ್ಲಿನ ಪ್ರೀಪೇಯ್ಡ್ ಸಿಮ್, ನೆಟ್ಟಿಗೆ ಮತ್ತು ಲೋಕಲ್ ಕರೆಗೆ. ವಾಟ್ಸಾಪ್ ಊರಿನ ನಂಬರಲ್ಲೇ. ಹೊಸ ಸಿಮ್ ಹಾಕಿದಾಗ ನಂಬರ್ ಬದಲಾಯಿಸಬೇಕಾ ಅಂತ ಕೇಳಿದರೆ ಬೇಡ ಅನ್ನಬೇಕು. ಇಲ್ಲದಿದ್ದರೆ ಊರಿನ ಎಲ್ಲ ಗುಂಪುಗಳಿಗೂ "ನಂಬರ್ ಬದಲಾಗಿದೆ" ಅಂತ ಸುದ್ದಿ ಹೋಗಿ, ಮೋಸದ ಕರೆಯೇನೋ ಅಂತ ಎಲ್ಲರೂ ಹೆದರುತ್ತಾರೆ.

ನೆಂಟರಿಗೆ ಒಂದು ಮಾತು ಮೊದಲೇ ಹೇಳಿಡಿ. ಮಾಮೂಲಿ ಕರೆ ಮಾಡಬೇಡಿ, ವಾಟ್ಸಾಪ್‌ನಲ್ಲೇ ಮಾಡಿ ಅಂತ. ಹೊತ್ತಿನ ಲೆಕ್ಕವನ್ನೂ ಹೇಳಿ. ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರಿಂದ ಏಪ್ರಿಲ್‌ವರೆಗೆ ಐದೂವರೆ. ರಾತ್ರಿ 9ಕ್ಕೆ ಊಟ ಮುಗಿಸಿ ಆರಾಮಾಗಿ "ಮಗು ಯಾರ ಹಾಗಿದೆ?" ಅಂತ ಫೋನ್ ಮಾಡುವ ಅತ್ತೆಯರಿರುತ್ತಾರಲ್ಲ, ಅವರ ಕರೆ ಇಲ್ಲಿ ರಾತ್ರಿ ಒಂದೂವರೆಗೋ ಎರಡೂವರೆಗೋ ಬಾರಿಸುತ್ತದೆ. ಆಗಷ್ಟೇ ಮಲಗಿದ ಮಗು ಎದ್ದರೆ ಬಾಣಂತಿಯ ಗತಿ ಏನು?

ಸುಮ್ನೆ_ಓದುವವಳು
ಬಾಣಂತಿಗಿಂತ ಮೊದಲು ಅಜ್ಜ ಏಳುತ್ತಾರೆ.

ಚಿಕ್ಕಪೇಟೆ_ಸಗಟು
ನೆಂಟರನ್ನಾದರೂ ಸಹಿಸಬಹುದು. "ಪರ್ಸನಲ್ ಲೋನ್ ಬೇಕಾ ಸಾರ್" ಅಂತ ಬರುತ್ತಲ್ಲ, ಅದನ್ನು ರೋಮಿಂಗಲ್ಲಿ ಎತ್ತಿ "ಬೇಡ" ಅನ್ನುವಷ್ಟರಲ್ಲಿ ಒಂದು ನಿಮಿಷದ ದುಡ್ಡು ಹೋಯಿತು. ಹೊರಡುವ ಮೊದಲು ಜಾಹೀರಾತು ಕರೆ ತಡೆಯುವ ಡಿಎನ್‌ಡಿ ಹಾಕಿಸಿ. 1909ಕ್ಕೆ ಕರೆ ಮಾಡಿದರಾಯಿತು.

ಟವರ್_ಕೆಳಗೆ
ಕಾಲ್ ಫಾರ್ವರ್ಡಿಂಗ್ ಇದ್ದರೆ ಅದನ್ನೂ ತೆಗೆಸಿ. ಕರೆ ಸಿಡ್ನಿಗೆ ಹೋಗಿ, ಅಲ್ಲಿ ಎತ್ತದೆ, ವಾಪಸ್ ಊರಿನ ಇನ್ನೊಂದು ನಂಬರಿಗೆ ತಿರುಗಿದರೆ ಹೋದದ್ದಕ್ಕೂ ಬಂದದ್ದಕ್ಕೂ ಎರಡು ಸಲ ಬಿಲ್ ಆಗುವ ಸಾಧ್ಯತೆ ಇದೆ.

ಐಫೋನ್ ಇರುವವರು "ಅಲೋ ಸೆಲ್ಯುಲಾರ್ ಡೇಟಾ ಸ್ವಿಚಿಂಗ್" ಅನ್ನುವುದನ್ನು ಆಫ್ ಮಾಡಿ. ಅಲ್ಲಿನ ಸಿಮ್‌ಗೆ ಸಿಗ್ನಲ್ ಕಮ್ಮಿ ಆದರೆ ಫೋನ್ ತಾನೇ ಊರಿನ ಸಿಮ್ ಕಡೆ ವಾಲುತ್ತದೆ. ಸಿಮ್ ಬದಲಿಸಿದಾಗ ಐಮೆಸೇಜ್ ಶುರು ಮಾಡಲು ಒಂದು ವಿದೇಶಿ ಎಸ್ಸೆಮ್ಮೆಸ್ಸೂ ಸದ್ದಿಲ್ಲದೆ ಹೋಗುತ್ತದೆ. ಚಿಲ್ಲರೆ ಕಾಸು, ಆದರೂ ಗೊತ್ತಿರಲಿ.

ಗಡಿಬಿಡಿ_ಗುಂಡ
ಐಫೋನ್ ಕೊಂಡವನಿಗೆ ಚಿಲ್ಲರೆ ಕಾಸಿನ ಚಿಂತೆ ಇರುತ್ತಾ?

ಕುಡ್ಲ_ಟು_ದುಬೈ
ಇದ್ದೇ ಇರುತ್ತದೆ. ಕೊಂಡ ಮೇಲೆ ಉಳಿಯುವುದು ಚಿಲ್ಲರೆಯೇ.

ವಿಮಾನದ ವಿಷಯ ಯಾರೂ ಹೇಳಲಿಲ್ಲ. ನಮ್ಮ ಭಾವ ಪೋಸ್ಟ್‌ಪೇಯ್ಡ್‌ನವರು. ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕದೆ ಮಲಗಿಬಿಟ್ಟರು. ವಿಮಾನದೊಳಗೇ ಒಂದು ಸಣ್ಣ ಮೊಬೈಲ್ ಟವರ್ ಇರುತ್ತದಂತೆ. ಫೋನ್ ಅದನ್ನು ಹಿಡಿದುಕೊಂಡು, ಅಷ್ಟೂ ಹೊತ್ತು ಹಿಂದಿನಿಂದ ಫೋಟೋ ಬ್ಯಾಕಪ್ ಮಾಡಿದೆ. ಅವರು ಹಾಕಿಸಿದ್ದ ರೋಮಿಂಗ್ ಪ್ಯಾಕ್ ಭೂಮಿ ಮೇಲಿನ ದೇಶಗಳಿಗೆ ಮಾತ್ರ. ಬಿಲ್ ನೋಡಿ ಅಕ್ಕ ಒಂದು ವಾರ ಮಾತಾಡಲಿಲ್ಲ.

ಟವರ್_ಕೆಳಗೆ
ನಿಜ. ಉಪಗ್ರಹದ ಮೂಲಕ ನಡೆಯುವ ಜಾಲ ಅದು. ಯಾವ ದೇಶಕ್ಕೂ ಸೇರಿದ್ದಲ್ಲ, ಅದರ ಸಂಕೇತ 901ರಿಂದ ಶುರುವಾಗುತ್ತದೆ. ಕ್ರೂಸ್ ಹಡಗಿನಲ್ಲೂ ಇದೇ ಕಥೆ. ದೇಶದ ಪ್ಯಾಕ್ ಇದೆ ಅಂತ ಧೈರ್ಯ ಬೇಡ.

@ಮೈಸೂರ್‌ಪಾಕ್ ನಿಮ್ಮ ಅಪ್ಪ ಅಮ್ಮನಿಗೆ ಸಿಂಗಪುರದಲ್ಲಿ ಇಳಿದು ಹತ್ತುವುದಿದೆ. ಆಸ್ಟ್ರೇಲಿಯಾಕ್ಕೆ ಮಾತ್ರ ಪ್ಯಾಕ್ ಹಾಕಿಸಿದ್ದರೆ ಸಿಂಗಪುರ ಅದರಲ್ಲಿ ಸೇರಿರಬೇಕೆಂದೇನಿಲ್ಲ. ಬೆಂಗಳೂರಲ್ಲಿ ಹತ್ತುವಾಗ ಫ್ಲೈಟ್ ಮೋಡ್ ಹಾಕಲಿ, ಸಿಡ್ನಿಯಲ್ಲೇ ತೆಗೆಯಲಿ. ಚಾಂಗಿಯಲ್ಲಿ ಉಚಿತ ವೈಫೈ ಇದೆ. ಫ್ಲೈಟ್ ಮೋಡಲ್ಲೇ ವೈಫೈ ಆನ್ ಮಾಡಬಹುದು ಅನ್ನುವುದನ್ನು ಮನೆಯಲ್ಲೇ ಒಂದು ಸಲ ಮಾಡಿ ತೋರಿಸಿ.

ಮೈಸೂರ್‌ಪಾಕ್
ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. "ಹಾಗಾದರೆ ಅಲ್ಲಿನ ನಂಬರನ್ನೇ ಬ್ಯಾಂಕಿಗೆ ಕೊಟ್ಟುಬಿಡೋಣ" ಅಂದರು. ಆಸ್ಟ್ರೇಲಿಯಾ ನಂಬರಿಗೆ ಯುಪಿಐ ಬಂದಿದೆ ಅಂತ ಪೇಪರಲ್ಲಿ ಓದಿದ್ದಾರಂತೆ.

ನಿವೃತ್ತ_ಬ್ಯಾಂಕಿಗ
ಓದಿದ್ದು ಸರಿ, ಅವರಿಗೆ ಅನ್ವಯಿಸುವುದಿಲ್ಲ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹತ್ತು ದೇಶಗಳ ನಂಬರಿಗೆ ಅವಕಾಶ ಕೊಟ್ಟಿತು. ಆಸ್ಟ್ರೇಲಿಯಾ ಅದರಲ್ಲಿದೆ. ಆದರೆ ಅದು ಎನ್ಆರ್‌ಇ, ಎನ್ಆರ್‌ಒ ಖಾತೆಗಳಿಗೆ, ಅಂದರೆ ಹೊರಗೇ ನೆಲೆಸಿರುವ ನಿಮ್ಮ ಅಕ್ಕನಂಥವರಿಗೆ. ಮಗಳ ಮನೆಗೆ ಹೋಗಿ ಬರುವ ಪಿಂಚಣಿದಾರರಿಗಲ್ಲ. ಆರು ತಿಂಗಳಿಗೆ ಅಂತ ನಂಬರ್ ಬದಲಿಸಿ, ಬಂದ ಮೇಲೆ ಮತ್ತೆ ಬದಲಿಸಲು ಶಾಖೆಗೆ ಓಡಾಡುವುದು ಬೇಡ.

ಬೇರೆ ಒಂದು ಕೆಲಸ ಮಾಡಲಿ. ಓಟಿಪಿ ಇಮೇಲ್‌ಗೂ ಬರುವ ವ್ಯವಸ್ಥೆ ಅವರ ಬ್ಯಾಂಕಲ್ಲಿ ಇದೆಯಾ ಕೇಳಲಿ. ಬರೀ ಎಸ್ಸೆಮ್ಮೆಸ್ ಓಟಿಪಿಗೇ ಜೋತುಬೀಳದೆ ಬೇರೆ ವಿಧಾನಗಳನ್ನೂ ಬಳಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ, 2026ರ ಏಪ್ರಿಲ್ 1ರಿಂದ ಜಾರಿ. ಕಾರ್ಡ್ ಒಯ್ಯುವುದಾದರೆ ವಿದೇಶಿ ಬಳಕೆಯನ್ನು ಆ್ಯಪಿನಲ್ಲಿ ಆನ್ ಮಾಡಿಕೊಂಡು ಹೋಗಲಿ. 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಮಲೆನಾಡು_ಮಳೆ
ಸಿಡ್ನಿ ಅಂಗಡಿಯಲ್ಲಿ ಫೋನ್‌ಪೇ ನಡೆಯುತ್ತಾ?

ಸಿಡ್ನಿ_ಸೊಸೆ
ಇಲ್ಲ. ಇಲ್ಲಿ ಎಲ್ಲ ಕಾರ್ಡ್ ತಾಗಿಸುವುದೇ. ಆದರೆ ಇಲ್ಲಿ ಕೂತು ಊರಿನ ಬಿಲ್ ಕಟ್ಟಬಹುದು. ನಮ್ಮ ಮಾವ ಪ್ರತಿ ತಿಂಗಳೂ ಇಲ್ಲಿಂದಲೇ ಸೆಸ್ಕ್ ಕರೆಂಟ್ ಬಿಲ್ ಕಟ್ಟಿದರು. ಯಾರೂ ಇಲ್ಲದ ಮನೆಗೆ ಇಷ್ಟು ಬಿಲ್ ಯಾಕೆ ಬಂತು ಅಂತ ಪ್ರತಿ ತಿಂಗಳೂ ಜಗಳ ಬೇರೆ.

ಕುಡ್ಲ_ಟು_ದುಬೈ
ದುಬೈ, ಸಿಂಗಪುರ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್ ಕಡೆ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಪ್ಯಾರಿಸ್‌ನ ಐಫೆಲ್ ಟವರ್ ಟಿಕೆಟ್‌ಗೂ 2024ರಲ್ಲಿ ಬಂತು.

ಟವರ್_ಕೆಳಗೆ
ಯುಪಿಐ ಬಳಸುವವರು ವಿದೇಶದಲ್ಲಿದ್ದಾಗ ಫೋನ್ ಬದಲಿಸಬೇಡಿ, ರೀಸೆಟ್ ಮಾಡಬೇಡಿ, ಆ್ಯಪ್ ತೆಗೆದು ಮತ್ತೆ ಹಾಕಬೇಡಿ. ಮಗಳು ಹೊಸ ಫೋನ್ ಕೊಡಿಸಿದಳು ಅಂತ ಖುಷಿಯಲ್ಲಿ ಬದಲಿಸಿದರೆ ಆ ಎಸ್ಸೆಮ್ಮೆಸ್ ಖಾತ್ರಿ ಎಲ್ಲ ಮೊದಲಿಂದ ಆಗಬೇಕು.

ಸಿಮ್ ಕಳೆದರಂತೂ ಕಷ್ಟ. ಸಿಡ್ನಿಯಲ್ಲಿ ಡೂಪ್ಲಿಕೇಟ್ ಸಿಗಲ್ಲ. ಹೊಸ ಸಿಮ್ ಶುರುವಾದ ಮೇಲೂ 24 ಗಂಟೆ ಎಸ್ಸೆಮ್ಮೆಸ್ ಬರಲ್ಲ, ಮೋಸ ತಡೆಯಲು ಹಾಗೆ ಮಾಡಿದ್ದಾರೆ. ಹಾಗಾಗಿ ಸಿಮ್ ಮೇಲೆ ಕೈ ಇಡುವುದೇ ಬೇಡ. ಅಲ್ಲಿನ ಸಿಮ್ ಹಾಕಲು ಟ್ರೇ ತೆಗೆದಾಗಲೇ ಬಹಳ ಜನ ಕಳೆದುಕೊಳ್ಳುವುದು. ಎರಡನೇ ಜಾಗ ಖಾಲಿ ಇಲ್ಲದಿದ್ದರೆ, ಫೋನಿಗೆ ಇಸಿಮ್ (ಚಿಪ್ ಹಾಕದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಸೌಲಭ್ಯ ಇದೆಯಾ ನೋಡಿ. ಊರಿನ ಸಿಮ್ ಅಲ್ಲಾಡದೆ ಇರುತ್ತದೆ, ಅಲ್ಲಿನದು ಇಸಿಮ್ ಆಗಿ ಬರುತ್ತದೆ.

ಚಿಕ್ಕಪೇಟೆ_ಸಗಟು
ಟ್ರೇ ತೆಗೆಯುವ ಪಿನ್ ಯಾವತ್ತೂ ಸಮಯಕ್ಕೆ ಸಿಗಲ್ಲ. ಗುವಾಂಗ್‌ಝೌನಲ್ಲಿ ನಮ್ಮ ಪಾಲುದಾರರ ಹೆಂಡತಿಯ ಕಿವಿಯೋಲೆ ಕಡ್ಡಿಯಿಂದ ತೆಗೆದಿದ್ದೇವೆ.

ನಿವೃತ್ತ_ಬ್ಯಾಂಕಿಗ
ನೀವೆಲ್ಲ ಬರುವ ಕರೆಗೆ ದುಡ್ಡು ಅಂತ ಗೋಳಾಡುತ್ತೀರಿ. 2003ಕ್ಕಿಂತ ಮುಂಚೆ ನಮ್ಮ ಊರಲ್ಲೇ, ಪಕ್ಕದ ಬೀದಿಯಿಂದ ಕರೆ ಬಂದರೂ ಎತ್ತಿದವನೇ ದುಡ್ಡು ಕೊಡಬೇಕಿತ್ತು. ಮ್ಯಾನೇಜರ್ ಫೋನ್ ಮಾಡಿದರೆ ಕಟ್ ಮಾಡಿ, ಕೆಳಗೆ ಓಡಿ ಎಸ್‌ಟಿಡಿ ಬೂತಿನಿಂದ ವಾಪಸ್ ಮಾಡುತ್ತಿದ್ದೆವು.

ಕುಡ್ಲ_ಟು_ದುಬೈ
ನಮ್ಮ ಅಪ್ಪ ಗಲ್ಫಿಗೆ ಬಂದ ಕಾಲದಲ್ಲಿ ಫೋನೇ ದುಬಾರಿ. ಕ್ಯಾಸೆಟ್‌ನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಅಮ್ಮ ಅದೇ ಕ್ಯಾಸೆಟ್ ಅಳಿಸಿ ತನ್ನ ಮಾತು ತುಂಬಿ ವಾಪಸ್ ಕಳಿಸುತ್ತಿದ್ದರು. ಕೊನೆಯಲ್ಲಿ ನಮ್ಮ ಮಗ್ಗಿ.

ಸುಮ್ನೆ_ಓದುವವಳು
ಇದಕ್ಕೇ ಈ ವೇದಿಕೆಗೆ ಬರೋದು ನಾನು.

ಸಿಡ್ನಿ_ಸೊಸೆ
@ಮೈಸೂರ್‌ಪಾಕ್ ಫೋನಿಗೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಸಾರಿನ ಪುಡಿ, ಲೇಹ್ಯ ಅಂದಿರಲ್ಲ. ತಿನ್ನುವ ಪದಾರ್ಥ ಏನೇ ತಂದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ "ಇದೆ" ಅಂತಲೇ ಬರೆಯಲಿ. ಬರೆದು ತೋರಿಸಿದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ದಂಡ. ಹಸಿ ಕರಿಬೇವು ಬೇಡವೇ ಬೇಡ. ಹಾಲಿನ ಸಿಹಿ ತಿಂಡಿಗೂ ಇಲ್ಲಿ ತಡೆ ಇದೆ.

ಧಾರವಾಡದಾಂವ
ಅಂದರ ಪೇಡಾ ಹೋಗಂಗಿಲ್ಲ?

ಸಿಡ್ನಿ_ಸೊಸೆ
ಹೋಗಲ್ಲ ಅಣ್ಣ. ನಿಮ್ಮ ಹೆಸರಿಟ್ಟುಕೊಂಡು ನೀವು ಬನ್ನಿ ಸಾಕು.

ಮೈಸೂರ್‌ಪಾಕ್
ತೀರ್ಮಾನ ಆಯ್ತು. ಅಪ್ಪನ ಸಿಮ್ ಅಪ್ಪನ ಫೋನಲ್ಲೇ ಹೋಗುತ್ತದೆ, ಡೇಟಾ ರೋಮಿಂಗ್ ಆಫ್. ಅಕ್ಕ ಇಬ್ಬರಿಗೂ ಅಲ್ಲಿನ ಸಿಮ್ ತೆಗೆದಿಡುತ್ತಾಳೆ. ಐಎಂಇಐ ಕಳಿಸಿದ್ದೇನೆ, ಅವಳು ವಿಚಾರಿಸುತ್ತಿದ್ದಾಳೆ. ಅಮ್ಮನಿಗೆ ನನ್ನ ಹಳೇ ಸ್ಮಾರ್ಟ್‌ಫೋನ್ ಕೊಟ್ಟೆ. ಹಸಿರು ಗುಂಡಿ ಎಲ್ಲಿ ಅಂತ ಇನ್ನೂ ಹುಡುಕುತ್ತಿದ್ದಾರೆ. ಚಿಕ್ಕಪ್ಪ ಮಾತ್ರ ಒಪ್ಪಿಲ್ಲ.

ಗಡಿಬಿಡಿ_ಗುಂಡ
ಅದಕ್ಕೇ ಮೊದಲೇ ಹೇಳಿದ್ದು, ಅವರನ್ನೂ ಕಳಿಸಿ ಅಂತ.

ಬೀದರ್_ಬಿಸಿಲು
ಚರ್ಚೆ ಮುಗಿಯುವ ಮೊದಲು ನನ್ನದೊಂದು. ಅಮ್ಮಿ ಉಮ್ರಾಕ್ಕೆ ಹೋಗುತ್ತಿದ್ದಾರೆ, ಎರಡು ವಾರ. ರೋಮಿಂಗಾ, ಅಲ್ಲಿನ ಸಿಮ್ಮಾ?

ಕುಡ್ಲ_ಟು_ದುಬೈ
ಜೆದ್ದಾ ವಿಮಾನ ನಿಲ್ದಾಣದಲ್ಲೇ ಎಸ್‌ಟಿಸಿ, ಮೊಬೈಲಿ, ಝೈನ್ ಕೌಂಟರ್ ಇವೆ. ಪಾಸ್‌ಪೋರ್ಟ್ ತೋರಿಸಿ ಬೆರಳಚ್ಚು ಕೊಟ್ಟರೆ ಸಿಮ್ ಕೊಡುತ್ತಾರೆ. ಮದೀನಾದ ಮಸೀದಿಯಲ್ಲಿರುವ ರೌದಾಕ್ಕೆ ಸಮಯ ಕಾದಿರಿಸಲು ನುಸುಕ್ ಆ್ಯಪ್ ಬೇಕಾಗುತ್ತದೆ, ಹಾಗಾಗಿ ನೆಟ್ ಇರಲೇಬೇಕು. ಊರಿನ ಸಿಮ್ ಎಸ್ಸೆಮ್ಮೆಸ್‌ಗೆ ಇಟ್ಟುಕೊಳ್ಳಲಿ, ನೆಟ್ಟಿಗೆ ಅಲ್ಲಿನದು.

ಬೀದರ್_ಬಿಸಿಲು
ಅಮ್ಮಿಯ ಬೆರಳಚ್ಚು ಸವೆದುಹೋಗಿದೆ ಭಾಯ್. ರೇಷನ್ ಅಂಗಡಿ ಮಷಿನ್ನೇ ಹಿಡಿಯಲ್ಲ.

ಕುಡ್ಲ_ಟು_ದುಬೈ
ಹಾಗಾದರೆ ಊರಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿ ಕಳಿಸಿ. ಎರಡೇ ವಾರ ಅಲ್ವಾ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಕೌಂಟರಿನ ಸಾಲಿನಲ್ಲಿ ಅವರನ್ನು ನಿಲ್ಲಿಸಬೇಡಿ. ಪ್ಯಾಕ್ ಯಾವ ಸೌದಿ ಕಂಪನಿಯ ಜೊತೆ ಒಪ್ಪಂದದಲ್ಲಿದೆ ಅಂತ ಕೇಳಿ ಬರೆದುಕೊಡಿ. ಫೋನ್ ತಾನಾಗಿ ಬೇರೆ ಜಾಲ ಹಿಡಿದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಆರಿಸಲು ಗುಂಪಿನ ಹುಡುಗರಿಗೆ ಹೇಳಿಡಿ.

ಬೀದರ್_ಬಿಸಿಲು
ಶುಕ್ರಿಯಾ. ನಾಳೆಯೇ ಅಂಗಡಿಗೆ ಹೋಗಿ ಕೇಳುತ್ತೇನೆ.